ಮಲಾಲಾ ಬಗ್ಗೆ ನೀವು ಕೇಳಿದ್ದು

ಹೆಣ್ಣುಮಕ್ಕಳ ಓದಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಮಲಾಲಾ ಯೂಸುಫ್‌ಝೈ ಹೆಸರೇ ಜಾಸ್ತಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆಕೆಗೇ ಮೀಸಲು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಕೆಲವರು ಹೆಸರು ಹಾಕಬೇಡಿ ಎಂದಿದ್ದರಿಂದ ಎಲ್ಲರ ಊರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಹೈಸ್ಕೂಲ್ ಟೀಚರ್. ನಮ್ಮ ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಹುಡುಗಿಯರು ಮಲಾಲಾ ಬಗ್ಗೆ ತುಂಬಾ ಮಾತಾಡುತ್ತಾರೆ. ಆದರೆ ಎಲ್ಲರದ್ದೂ ಅದೇ ನಾಲ್ಕು ಮಾತು. ಶಾಲೆಗೆ ಹೋಗುತ್ತಿದ್ದಳು, ಗುಂಡು ಹೊಡೆದರು, ಬದುಕಿದಳು, ನೊಬೆಲ್ ಬಂತು. ಗುಂಡು ಬೀಳುವ ಮುಂಚೆ ಆಕೆ ನಿಜವಾಗಿ ಮಾಡಿದ್ದೇನು? (ಧಾರವಾಡ)

ಉತ್ತರ: ಮೇಡಂ, ಭಾಷಣಗಳಲ್ಲಿ ಬಿಟ್ಟುಹೋಗುವ ಆ ಭಾಗವೇ ಆಕೆಯ ಹೋರಾಟ. ಗುಂಡು ಬಿದ್ದದ್ದು 2012ರ ಅಕ್ಟೋಬರ್ 9ರಂದು, ಆಗ ಆಕೆಗೆ 15 ವರ್ಷ. ನಾಲ್ಕು ಜನರ ಮುಂದೆ ಮಾತಾಡಲು ಶುರು ಮಾಡಿದ್ದು 11ನೇ ವಯಸ್ಸಿಗೆ. ಮಾತಾಡಿದ್ದಕ್ಕೇ ಗುಂಡು ಬಿತ್ತು. ಹಾಗಾಗಿ ನಡುವಿನ ನಾಲ್ಕು ವರ್ಷದ ಕಥೆಯನ್ನೇ ಮಕ್ಕಳಿಗೆ ಹೇಳಿ.

ಊರು ಮಿಂಗೋರಾ. ಪಾಕಿಸ್ತಾನದ ವಾಯವ್ಯಕ್ಕಿರುವ ಸ್ವಾತ್ ಕಣಿವೆಯ ದೊಡ್ಡ ಪಟ್ಟಣ ಅದು. ಬೆಟ್ಟ, ನದಿ, ಹಣ್ಣಿನ ತೋಟಗಳ ಜಾಗ, ಪ್ರವಾಸಿಗರು ಹುಡುಕಿಕೊಂಡು ಬರುತ್ತಿದ್ದರು. ಮಲಾಲಾ ಅಲ್ಲಿ ಹುಟ್ಟಿದ್ದು 1997ರ ಜುಲೈ 12ರಂದು. ಅಪ್ಪ ಜಿಯಾವುದ್ದೀನ್ ಅಲ್ಲೇ ಖುಶಾಲ್ ಎಂಬ ಶಾಲೆ ನಡೆಸುತ್ತಿದ್ದರು. ಆಕೆ ಹತ್ತರ ಆಸುಪಾಸಿನಲ್ಲಿದ್ದಾಗ ಸ್ವಾತ್‌ನ ತಾಲಿಬಾನ್ ನಾಯಕ ಮೌಲಾನಾ ಫಜಲುಲ್ಲಾ ಎಂಬಾತನ ಎಫ್‌ಎಂ ರೇಡಿಯೋ ಕಣಿವೆಯ ಮನೆಮನೆಗೂ ಕೇಳಿಸುತ್ತಿತ್ತು. ಮೊದಮೊದಲು ನಮಾಜು, ಒಳ್ಳೆಯ ನಡತೆ ಅಂತ ಮಾತು. ಜನ ನಂಬಿದರು, ಹೆಂಗಸರು ಮೈಮೇಲಿನ ಬಂಗಾರ ಬಿಚ್ಚಿ ಕೊಟ್ಟರು. ಆಮೇಲೆ ಟಿ.ವಿ. ಬೇಡ ಅಂದ, ಹಾಡು ಬೇಡ ಅಂದ, ಪೋಲಿಯೋ ಹನಿ ಬೇಡ ಅಂದ, ಹೆಂಗಸರು ಪೇಟೆಗೆ ಬರುವುದೂ ಬೇಡ ಅಂದ. ಶಾಲೆ ಬಿಟ್ಟ ಹುಡುಗಿಯರ ಹೆಸರು ಹಿಡಿದು ರೇಡಿಯೋದಲ್ಲೇ ಶಹಬ್ಬಾಸ್ ಹೇಳುತ್ತಿದ್ದ. ಬಂದೂಕು ತೋರಿಸುವ ಮುಂಚೆಯೇ ಈ ಶಹಬ್ಬಾಸ್‌ಗಿರಿ ಎಷ್ಟು ಮನೆಗಳ ಹುಡುಗಿಯರನ್ನು ಒಳಗೆ ಕೂರಿಸಿತೋ. ಅಕ್ಕಪಕ್ಕದ ಮನೆಯವರು ಹೊಗಳುತ್ತಾರೆ ಅಂದರೆ ಸಾಕು, ಅಪ್ಪಂದಿರ ಮನಸ್ಸು ಬದಲಾಗಲು ಜಾಸ್ತಿ ಹೊತ್ತು ಬೇಕಿಲ್ಲ, ಅಲ್ವಾ?

ಆಮೇಲೆ ಬಂದೂಕೂ ಬಂತು, ಬಾಂಬೂ ಬಂತು. ರಾತ್ರಿ ಹೊತ್ತು ಶಾಲೆಗಳನ್ನು ಸ್ಫೋಟಿಸುತ್ತಿದ್ದರು. ಪಟ್ಟಣದ ಚೌಕದಲ್ಲಿ ಬೆಳಿಗ್ಗೆ ಹೆಣಗಳು ಬಿದ್ದಿರುತ್ತಿದ್ದವು. 2008ರ ಕೊನೆಗೆ ಫರ್ಮಾನು ಹೊರಟಿತು: 2009ರ ಜನವರಿ 15ರ ನಂತರ ಯಾವ ಹುಡುಗಿಯೂ ಶಾಲೆಗೆ ಹೋಗುವ ಹಾಗಿಲ್ಲ.

ಅದಕ್ಕೂ ಮುಂಚೆ, 2008ರ ಸೆಪ್ಟೆಂಬರ್‌ನಲ್ಲೇ ಆಕೆ ಪೇಶಾವರದಲ್ಲಿ ಪತ್ರಕರ್ತರ ಮುಂದೆ ನಿಂತು, ಓದುವುದು ನನ್ನ ಹಕ್ಕು, ಅದನ್ನು ಕಿತ್ತುಕೊಳ್ಳಲು ತಾಲಿಬಾನಿಗಳಿಗೆ ಎಷ್ಟು ಧೈರ್ಯ ಎಂದು ಕೇಳಿದ್ದಳು. ಅದೇ ಸುಮಾರಿಗೆ ಬಿಬಿಸಿ ಉರ್ದುವಿನ ವರದಿಗಾರರೊಬ್ಬರು, ನಿಮ್ಮ ಶಾಲೆಯಿಂದ ಯಾರಾದರೂ ದಿನಚರಿ ಬರೆಯುತ್ತಾರಾ ಎಂದು ಜಿಯಾವುದ್ದೀನ್ ಅವರನ್ನು ಕೇಳಿದರು. ಒಬ್ಬ ಹುಡುಗಿ ಒಪ್ಪಿದಳು, ಆದರೆ ಮನೆಯವರು ಹೆದರಿ ಬೇಡ ಎಂದರು. ಅವರನ್ನು ತಪ್ಪು ಅನ್ನೋಕಾಗಲ್ಲ. ಆಗ ಮಲಾಲಾ ತಾನು ಬರೆಯುತ್ತೇನೆ ಎಂದಳು. ಗುಲ್ ಮಕಾಯಿ ಎಂಬ ಬೇರೆ ಹೆಸರಿನಲ್ಲಿ ಡೈರಿ ಶುರುವಾದದ್ದು 2009ರ ಜನವರಿ 3ರಂದು.

ಈ ಡೈರಿಯನ್ನೇ ಮಕ್ಕಳಿಗೆ ತೋರಿಸಬೇಕು ಮೇಡಂ. ಅದರಲ್ಲಿ ದೊಡ್ಡ ಮಾತು ಒಂದೂ ಇಲ್ಲ. ಮೊದಲ ದಿನವೇ ಲೆಕ್ಕ ಕೊಡುತ್ತಾಳೆ: ತರಗತಿಯ 27 ಹುಡುಗಿಯರಲ್ಲಿ ಅವತ್ತು ಬಂದವರು 11. ಮನೆಗೆ ಬರುವಾಗ ಹಿಂದಿನಿಂದ ಒಬ್ಬ ಗಂಡಸು "ಕೊಂದುಬಿಡ್ತೀನಿ" ಅನ್ನುವುದು ಕೇಳಿಸುತ್ತದೆ. ಬಿರಬಿರನೆ ನಡೆದು, ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಆತ ಮೊಬೈಲ್‌ನಲ್ಲಿ ಇನ್ಯಾರಿಗೋ ಹೇಳುತ್ತಿದ್ದಾನೆ. ಇನ್ನೊಂದು ದಿನ, ಯೂನಿಫಾರ್ಮ್ ಬೇಡ, ಮಾಮೂಲಿ ಬಟ್ಟೆಯಲ್ಲಿ ಬನ್ನಿ ಎಂದು ಶಾಲೆಯವರು ಹೇಳಿದ್ದು ನೆನಪಾಗಿ ಆಕೆ ತನಗಿಷ್ಟವಾದ ಗುಲಾಬಿ ಬಣ್ಣದ ಡ್ರೆಸ್ ಹಾಕಿಕೊಂಡು ಹೋಗುತ್ತಾಳೆ. ಎಲ್ಲರೂ ಬಣ್ಣಬಣ್ಣದ ಬಟ್ಟೆಯಲ್ಲಿ ಬಂದು ಶಾಲೆ ಮನೆಯ ಹಾಗೇ ಕಾಣುತ್ತದೆ. ಪ್ರಾರ್ಥನೆಯ ಹೊತ್ತಿಗೆ ಇನ್ನೊಂದು ಸೂಚನೆ: ಇಷ್ಟು ಬಣ್ಣದ ಬಟ್ಟೆಯೂ ಬೇಡ, ತಾಲಿಬಾನಿಗಳಿಗೆ ಆಗುವುದಿಲ್ಲ. ಜನವರಿ 14, ಕೊನೆಯ ದಿನ. ಚಳಿಗಾಲದ ರಜೆ ಎಂದು ಹೇಳಿದರು, ಶಾಲೆ ಮತ್ತೆ ಯಾವಾಗ ಎಂದು ಹೇಳಲಿಲ್ಲ. ಹುಡುಗಿಯರು ಬೇಗ ಮನೆಗೆ ಹೋಗದೆ ಅಂಗಳದಲ್ಲಿ ಇನ್ನಷ್ಟು ಹೊತ್ತು ಆಡಿದರು. ಜನವರಿ 19ರಂದು ಬರೆಯುತ್ತಾಳೆ, ಇನ್ನೂ ಐದು ಶಾಲೆ ಒಡೆದಿದ್ದಾರೆ, ಒಂದು ನಮ್ಮ ಮನೆಯ ಹತ್ತಿರದ್ದು, ಶಾಲೆಗಳು ಹೇಗೂ ಮುಚ್ಚಿದ್ದವಲ್ಲ, ಮತ್ತೆ ಒಡೆಯುವುದು ಯಾಕೆ ಬೇಕಿತ್ತು?

11 ವರ್ಷದ ಹುಡುಗಿ ಕೇಳಿದ ಈ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇಲ್ಲ. ಆ ಡೈರಿ ಓದಿದ ಮೇಲೆಯೇ ಸ್ವಾತ್‌ನಲ್ಲಿ ಏನಾಗುತ್ತಿದೆ ಎನ್ನುವುದು ಹೊರಗಿನವರಿಗೆ ಒಬ್ಬ ಹುಡುಗಿಯ ಕಣ್ಣಿಂದ ಕಂಡಿತು.

ಸ್ವಲ್ಪ ದಿನಕ್ಕೆ ನಾಲ್ಕನೇ ತರಗತಿವರೆಗೆ ಮಾತ್ರ ಹುಡುಗಿಯರು ಬರಬಹುದು ಎಂದು ಸಡಿಲಿಕೆ ಸಿಕ್ಕಿತು. ಮಲಾಲಾ ಐದನೆಯಲ್ಲಿದ್ದಳು. ಆಕೆಯೂ ಗೆಳತಿಯರೂ ನಾಲ್ಕನೆಯವರು ಎಂದು ಹೇಳಿಕೊಂಡು, ಪುಸ್ತಕಗಳನ್ನು ಶಾಲಿನ ಒಳಗೆ ಬಚ್ಚಿಟ್ಟುಕೊಂಡು ಹೋದರು. ಆ ಹುಡುಗಿಯರಿಗೆ ಕಲಿಸಲು ಬಂದ ಟೀಚರ್‌ಗಳೂ ಅಷ್ಟೇ ಗಟ್ಟಿಗಿತ್ತಿಯರು. ಭಾಷಣದಲ್ಲಿ ಅವರಿಗೂ ಒಂದು ಸಾಲು ಇರಲಿ. ಅದೇ ವರ್ಷ ಮೇ ತಿಂಗಳಲ್ಲಿ ಸೈನ್ಯದ ಕಾರ್ಯಾಚರಣೆ ಶುರುವಾದಾಗ ಇಡೀ ಊರೇ ಗಂಟುಮೂಟೆ ಕಟ್ಟಿತು. ಸ್ವಾತ್ ಮತ್ತು ಸುತ್ತಲಿನ ಜಿಲ್ಲೆಗಳಿಂದ ಸುಮಾರು 20 ಲಕ್ಷ ಜನ ಮನೆ ಬಿಟ್ಟಿದ್ದರು. ವಾಪಸ್ ಬಂದ ಮೇಲೆ ಆಕೆ ಮುಚ್ಚುಮರೆ ಬಿಟ್ಟು ಮಾತಾಡಿದಳು. ಟಿ.ವಿ.ಯಲ್ಲಿ ಮಾತಾಡಿದಳು, ಯೂನಿಸೆಫ್ ನೆರವಿನ ಮಕ್ಕಳ ಸಭೆಯನ್ನು ಮುಂದೆ ನಿಂತು ನಡೆಸಿದಳು. 2011ರಲ್ಲಿ ಮಕ್ಕಳ ಅಂತರರಾಷ್ಟ್ರೀಯ ಶಾಂತಿ ಪ್ರಶಸ್ತಿಗೆ ದಕ್ಷಿಣ ಆಫ್ರಿಕಾದ ಧರ್ಮಗುರು ಡೆಸ್ಮಂಡ್ ಟುಟು ಆಕೆಯ ಹೆಸರು ಸೂಚಿಸಿದರು, ಅದೇ ಡಿಸೆಂಬರ್‌ನಲ್ಲಿ ಪಾಕಿಸ್ತಾನ ಸರ್ಕಾರವೇ ಯುವ ಶಾಂತಿ ಪ್ರಶಸ್ತಿ ಕೊಟ್ಟಿತು. ಬೆದರಿಕೆಗಳೂ ಬಂದವು. ಆಕೆ ನಿಲ್ಲಿಸಲಿಲ್ಲ. ಇದಿಷ್ಟೂ ಗುಂಡಿಗಿಂತ ಮುಂಚಿನದು.

ಪ್ರಶ್ನೆ: ಅಕ್ಕಾ, ನಾನು ಸೆಕೆಂಡ್ ಪಿಯುಸಿ. ಮಲಾಲಾಗೆ ಅವರಪ್ಪನೇ ಎಲ್ಲಾ ಹೇಳಿಕೊಟ್ಟಿದ್ದು, ಅವಳದೇನೂ ಇಲ್ಲ ಅಂತ ನಮ್ಮ ಕ್ಲಾಸಿನ ಹುಡುಗರು ವಾದ ಮಾಡುತ್ತಾರೆ. ನಿಜಾನಾ? ಅವಳ ಅಮ್ಮನ ಬಗ್ಗೆ ಯಾಕೆ ಯಾರೂ ಹೇಳಲ್ಲ? (ಕೊಪ್ಪಳ)

ಉತ್ತರ: ತಂಗಿ, ಅಪ್ಪನ ಪಾತ್ರ ದೊಡ್ಡದು, ಅದನ್ನು ಮಲಾಲಾ ಯಾವತ್ತೂ ಮುಚ್ಚಿಟ್ಟಿಲ್ಲ. ಅವರ ವಂಶವೃಕ್ಷದಲ್ಲಿ ತಲೆತಲಾಂತರದಿಂದ ಬರೀ ಗಂಡಸರ ಹೆಸರು. ಜಿಯಾವುದ್ದೀನ್ ಅದನ್ನು ತೆಗೆದುಕೊಂಡು ತನ್ನ ಹೆಸರಿನಿಂದ ಒಂದು ಗೆರೆ ಎಳೆದು ಮಲಾಲಾ ಎಂದು ಬರೆದರು. ಮಗಳನ್ನು ಹೀಗೆ ಬೆಳೆಸಲು ನೀವು ಏನು ಮಾಡಿದಿರಿ ಎಂದು ಜನ ಕೇಳಿದರೆ, ಏನು ಮಾಡಿದೆ ಅಂತ ಕೇಳಬೇಡಿ, ಏನು ಮಾಡಲಿಲ್ಲ ಅಂತ ಕೇಳಿ, ನಾನು ಅವಳ ರೆಕ್ಕೆ ಕತ್ತರಿಸಲಿಲ್ಲ ಎಂದು ಹೇಳುತ್ತಾರೆ. ಆ ಹುಡುಗರಿಗೆ ಒಂದು ಮಾತು ಕೇಳು. ಮಗ ಅಪ್ಪನ ಅಂಗಡಿಯಲ್ಲಿ ಕೂತು ವ್ಯಾಪಾರ ಕಲಿತರೆ ಅವನನ್ನು ಜಾಣ ಅನ್ನುತ್ತೇವೆ, ಅವನದೇನೂ ಇಲ್ಲ ಅನ್ನುವುದಿಲ್ಲ. ಮಗಳು ಅಪ್ಪನಿಂದ ಕಲಿತರೆ ಮಾತ್ರ ಯಾಕೆ ಅನುಮಾನ? ಅಪ್ಪ ಹೇಳಿಕೊಡಬಹುದು, ಜಾಗ ಮಾಡಿಕೊಡಬಹುದು. ಯಾರು ಎಲ್ಲಿಂದ ನೋಡುತ್ತಿದ್ದಾರೋ ಗೊತ್ತಿಲ್ಲದ ಬೀದಿಯಲ್ಲಿ ಬೆಳಿಗ್ಗೆ ಎದ್ದು ಶಾಲೆಗೆ ನಡೆದದ್ದು ಅವಳದೇ ಕಾಲು.

ಅಮ್ಮನ ಬಗ್ಗೆ ಕೇಳಿದ್ದಕ್ಕೆ ಖುಷಿಯಾಯ್ತು. ಅವರ ಹೆಸರು ತೂರ್ ಪೆಕಾಯ್. ಚಿಕ್ಕವರಿದ್ದಾಗ ಶಾಲೆಗೆ ಸೇರಿದ್ದರು. ತರಗತಿಯಲ್ಲಿ ಹುಡುಗರೇ ತುಂಬಿದ್ದರು, ಮನೆಯಲ್ಲಿ ಆಡುವ ಜೊತೆಯ ಹುಡುಗಿಯರು ಯಾರೂ ಶಾಲೆಗೆ ಹೋಗುತ್ತಿರಲಿಲ್ಲ. ಅದೇ ವರ್ಷ ಪುಸ್ತಕಗಳನ್ನು ಮಾರಿ, ಬಂದ ಚಿಲ್ಲರೆಯಲ್ಲಿ ಮಿಠಾಯಿ ತಿಂದು ಶಾಲೆ ಬಿಟ್ಟರು. ಮನೆಯಲ್ಲಿ ಯಾರೂ ಕೇಳಲೂ ಇಲ್ಲ. ಬೈದು ಬಿಡಿಸುವುದೊಂದೇ ಅಲ್ಲ, ಹೆಣ್ಣುಮಗು ಶಾಲೆ ಬಿಟ್ಟರೂ ಯಾರಿಗೂ ಏನೂ ಅನ್ನಿಸದೇ ಇರುವುದೂ ಇದೆಯಲ್ಲ, ನನಗೆ ಅದೇ ಜಾಸ್ತಿ ಸಂಕಟ. ದೊಡ್ಡವರಾದ ಮೇಲೆ, ಓದು ಬರುವ ಗಂಡನನ್ನು ಕಂಡು ಅವರಿಗೆ ತಾನು ಕಳೆದುಕೊಂಡದ್ದು ಏನು ಎಂದು ಗೊತ್ತಾಯಿತು. 2012ರಲ್ಲಿ ಮಗಳ ಮೇಲೆ ಗುಂಡು ಹಾರಿದ ದಿನವೇ ಅವರು ಓದು ಬರಹ ಕಲಿಯಲು ಗಂಡನ ಶಾಲೆಗೆ ಬಂದಿದ್ದರು. ಆಮೇಲೆ ಇಂಗ್ಲೆಂಡಿನಲ್ಲಿ ಇಂಗ್ಲಿಷ್ ತರಗತಿಗೆ ಸೇರಿದರು. ನಿನ್ನ ಗೆಳತಿಯರಿಗೆ ಈ ಅಮ್ಮನ ಕಥೆ ಖಂಡಿತ ಹೇಳು.

ಪ್ರಶ್ನೆ: ಅವತ್ತು ಬಸ್ಸಿನಲ್ಲಿ ಇನ್ನೂ ಇಬ್ಬರು ಹುಡುಗಿಯರಿಗೆ ಗುಂಡು ತಗಲಿತ್ತಂತೆ. ಅವರು ಏನಾದರು? ಗುಂಡು ಹೊಡೆದವರಿಗೆ ಶಿಕ್ಷೆ ಆಯಿತಾ? (ಶಿವಮೊಗ್ಗ)

ಉತ್ತರ: ಅವರ ಹೆಸರು ಶಾಜಿಯಾ ರಂಜಾನ್ ಮತ್ತು ಕಾಯಿನಾತ್ ರಿಯಾಜ್. ಬಸ್ ಎಂದು ನಾವು ಹೇಳುವುದು ನಿಜವಾಗಿ ಹಿಂದೆ ಬೆಂಚು ಹಾಕಿ, ಪಕ್ಕಕ್ಕೆ ಪ್ಲಾಸ್ಟಿಕ್ ಹೊದಿಸಿದ ಸಣ್ಣ ವ್ಯಾನು. ಪರೀಕ್ಷೆ ಮುಗಿಸಿ ಮಕ್ಕಳು ಒತ್ತೊತ್ತಾಗಿ ಕೂತು ಮನೆಗೆ ಹೊರಟಿದ್ದರು. ಇಬ್ಬರು ದಾರಿಯಲ್ಲಿ ತಡೆದರು. ಒಬ್ಬ ಡ್ರೈವರ್ ಜೊತೆ ಮಾತಿಗೆ ನಿಂತ, ಇನ್ನೊಬ್ಬ ಹಿಂದಕ್ಕೆ ಬಂದು ಮಲಾಲಾ ಯಾರು ಎಂದು ಕೇಳಿದ. ಯಾರೂ ಹೆಸರು ಹೇಳಲಿಲ್ಲ, ಕೆಲವರ ಕಣ್ಣು ಆಕೆಯ ಕಡೆ ಹೋಯಿತು. ಮುಖ ಮುಚ್ಚಿಕೊಳ್ಳದೆ ಕೂತಿದ್ದವಳು ಆಕೆ ಒಬ್ಬಳೇ. ಮೂರು ಗುಂಡು. ಒಂದು ಮಲಾಲಾ ಎಡಗಣ್ಣಿನ ಪಕ್ಕದಿಂದ ಹೊಕ್ಕು ಭುಜಕ್ಕೆ ಇಳಿಯಿತು. ಶಾಜಿಯಾ, ಕಾಯಿನಾತ್ ಇಬ್ಬರಿಗೂ ಕೈ, ಭುಜಕ್ಕೆ ಗಾಯವಾಯಿತು. ಅವರೂ ಬದುಕಿ, ಬೆದರಿಕೆಗಳ ನಡುವೆಯೇ ಓದು ಮುಂದುವರಿಸಿ, ಮುಂದೆ ವೇಲ್ಸ್‌ನ ಕಾಲೇಜಿಗೆ ಹೋದರು. 2014ರಲ್ಲಿ ಓಸ್ಲೋದಲ್ಲಿ ನೊಬೆಲ್ ಕೊಡುವಾಗ ಮಲಾಲಾ ಇವರಿಬ್ಬರನ್ನೂ ಕರೆದುಕೊಂಡು ಹೋಗಿದ್ದಳು.

ಮಲಾಲಾಗೆ ಪೇಶಾವರದ ಸೇನಾ ಆಸ್ಪತ್ರೆಯಲ್ಲಿ ತಲೆಬುರುಡೆಯ ಒಂದು ತುಂಡು ತೆಗೆದು ಆಪರೇಷನ್ ಆಯಿತು. ಅಲ್ಲಿಂದ ರಾವಲ್ಪಿಂಡಿ, ಅಕ್ಟೋಬರ್ 15ಕ್ಕೆ ಬರ್ಮಿಂಗ್‌ಹ್ಯಾಂ. ಎಚ್ಚರ ಬಂದಾಗ ಗಂಟಲಲ್ಲಿ ನಳಿಕೆ ಇದ್ದು ಮಾತು ಹೊರಡುತ್ತಿರಲಿಲ್ಲ. ಅಕ್ಷರ ತೋರಿಸಿ ಆಕೆ ಕೇಳಿದ ಮೊದಲ ವಿಷಯಗಳು ಎರಡು: ಅಪ್ಪ ಎಲ್ಲಿ, ಇದು ಯಾವ ದೇಶ.

ಶಿಕ್ಷೆಯ ವಿಷಯಕ್ಕೆ ಬಂದರೆ ಬೇಜಾರೇ. 2014ರಲ್ಲಿ ಹತ್ತು ಜನರನ್ನು ಹಿಡಿದಿದ್ದೇವೆ ಎಂದು ಪಾಕಿಸ್ತಾನದ ಸೇನೆ ಹೇಳಿತು. 2015ರ ಏಪ್ರಿಲ್‌ನಲ್ಲಿ ಹತ್ತೂ ಜನರಿಗೆ ಜೀವಾವಧಿ ಎಂದು ಸುದ್ದಿ ಬಂತು. ಜೂನ್‌ನಲ್ಲಿ ಗೊತ್ತಾಗಿದ್ದು, ಶಿಕ್ಷೆ ಆದದ್ದು ಇಬ್ಬರಿಗೆ, ಎಂಟು ಜನ ಬಿಡುಗಡೆಯಾಗಿದ್ದರು. ರೇಡಿಯೋದ ಫಜಲುಲ್ಲಾ ಇಡೀ ಪಾಕಿಸ್ತಾನಿ ತಾಲಿಬಾನ್‌ನ ಮುಖ್ಯಸ್ಥನೇ ಆಗಿ, 2018ರಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಡ್ರೋನ್ ದಾಳಿಯಲ್ಲಿ ಸತ್ತ. ದಾಳಿ ನಾವೇ ಮಾಡಿದ್ದು ಎಂದು ಹೇಳಿಕೊಂಡ ತಾಲಿಬಾನ್ ವಕ್ತಾರ ಪಾಕಿಸ್ತಾನದ ವಶದಲ್ಲಿದ್ದು, 2020ರಲ್ಲಿ ತಪ್ಪಿಸಿಕೊಂಡು ಹೋದ.

ಪ್ರಶ್ನೆ: ಪಾಕಿಸ್ತಾನದಲ್ಲೇ ಎಷ್ಟೋ ಜನ ಆಕೆಯನ್ನು ಬೈಯುತ್ತಾರೆ, ನಾಟಕ ಅನ್ನುತ್ತಾರೆ, ಅಮೆರಿಕದ ಏಜೆಂಟ್ ಅನ್ನುತ್ತಾರೆ. ಸ್ವಂತ ದೇಶದವರೇ ಯಾಕೆ ಹೀಗೆ? (ಬೆಂಗಳೂರು)

ಉತ್ತರ: ಎಲ್ಲರೂ ಅಲ್ಲ ಸರ್. ಗುಂಡು ಬಿದ್ದ ವಾರ ಇಡೀ ಪಾಕಿಸ್ತಾನ ಆಕೆಗಾಗಿ ಪ್ರಾರ್ಥನೆ ಮಾಡಿತ್ತು, ಶಾಲಾ ಮಕ್ಕಳು ಫೋಟೋ ಹಿಡಿದು ಬೀದಿಗೆ ಬಂದಿದ್ದರು. ಆದರೆ ನೀವು ಹೇಳುವ ಸಿಟ್ಟೂ ಇದೆ, ಅದಕ್ಕೆ ಹಿನ್ನೆಲೆಯೂ ಇದೆ. ಆ ವರ್ಷಗಳಲ್ಲಿ ಅಮೆರಿಕದ ಡ್ರೋನ್‌ಗಳು ಪಾಕಿಸ್ತಾನದ ಗಡಿ ಜಿಲ್ಲೆಗಳ ಮೇಲೆ ಬಾಂಬ್ ಹಾಕುತ್ತಿದ್ದವು, ಮಕ್ಕಳೂ ಸಾಯುತ್ತಿದ್ದರು, ಅವರ ಹೆಸರು ಜಗತ್ತಿಗೆ ಗೊತ್ತಾಗುತ್ತಿರಲಿಲ್ಲ. ಬಿನ್ ಲಾಡೆನ್‌ನನ್ನು ಹುಡುಕಲು ಸಿಐಎ ಅಬೋಟಾಬಾದ್‌ನಲ್ಲಿ ಸುಳ್ಳು ಲಸಿಕೆ ಅಭಿಯಾನ ನಡೆಸಿದ್ದು ಬಯಲಾದ ಮೇಲಂತೂ, ಪಶ್ಚಿಮದವರು ಯಾರನ್ನು ಹೊಗಳಿದರೂ ಜನರಿಗೆ ಅನುಮಾನ. ಈ ನೋವು ಸುಳ್ಳಲ್ಲ.

ಆದರೆ ಆ ಸಿಟ್ಟನ್ನು ಈ ಹುಡುಗಿಯ ಮೇಲೆ ತೀರಿಸಿಕೊಳ್ಳುವುದು ಅನ್ಯಾಯ. 2013ರ ಅಕ್ಟೋಬರ್‌ನಲ್ಲಿ ಒಬಾಮಾ ಕರೆದಾಗ ಆಕೆ ಶ್ವೇತಭವನಕ್ಕೆ ಹೋಗಿ, ನಿಮ್ಮ ಡ್ರೋನ್ ದಾಳಿಯಿಂದ ಅಮಾಯಕರು ಸಾಯುತ್ತಿದ್ದಾರೆ, ಭಯೋತ್ಪಾದನೆ ಇನ್ನೂ ಬೆಳೆಯುತ್ತಿದೆ ಎಂದು ನೇರವಾಗಿ ಹೇಳಿ ಬಂದಳು. ಅವಳಿಗಾಗ 16 ವರ್ಷ. ಬೈಯುವವರು ಇದನ್ನು ಹೇಳುವುದೇ ಇಲ್ಲ. ನನಗೆ ಅನ್ನಿಸುವುದು, ಈ ದ್ವೇಷದಲ್ಲಿ ಒಂದು ಪಾಲು ದೇಶಾಭಿಮಾನದ್ದಲ್ಲ. ಮಾತಾಡುವ ಹೆಣ್ಣುಮಗಳನ್ನು ಕಂಡರೆ ಆಗದವರು ಅಲ್ಲೂ ಇದ್ದಾರೆ, ಎಲ್ಲಾ ಕಡೆಯೂ ಇದ್ದಾರೆ.

ಇನ್ನೊಂದು ಮಾತು. 2014ರಲ್ಲಿ ನೊಬೆಲ್ ಹಂಚಿಕೊಂಡಿದ್ದು ನಮ್ಮ ಕೈಲಾಶ್ ಸತ್ಯಾರ್ಥಿ ಅವರ ಜೊತೆ. ಆ ದಿನಗಳಲ್ಲೇ ಗಡಿಯಲ್ಲಿ ಎರಡೂ ಕಡೆಯಿಂದ ಗುಂಡಿನ ಚಕಮಕಿ ನಡೆಯುತ್ತಿತ್ತು. ಆಕೆ ಎರಡೂ ದೇಶದ ಪ್ರಧಾನಿಗಳು ಸಮಾರಂಭಕ್ಕೆ ಬರಲಿ ಎಂದು ಕೇಳಿದಳು. ಇಬ್ಬರೂ ಹೋಗಲಿಲ್ಲ. ಹೋಗಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಪ್ರಶ್ನೆ: ಪ್ರಶಸ್ತಿ, ಫೋಟೋ, ಭಾಷಣ ಎಲ್ಲಾ ಸರಿ. ಅದರಿಂದ ಹುಡುಗಿಯರಿಗೆ ಏನಾದರೂ ಸಿಕ್ಕಿತಾ? ಆಕೆ ಈಗ ಏನು ಮಾಡುತ್ತಿದ್ದಾಳೆ? (ಮಂಗಳೂರು)

ಉತ್ತರ: ಸಿಕ್ಕಿದ್ದೂ ಇದೆ, ಸಿಗದೇ ಇದ್ದದ್ದು ಅದಕ್ಕಿಂತ ದೊಡ್ಡದಿದೆ.

ಆಕೆಯ ಹಿರಿಯರ ಊರು ಸ್ವಾತ್ ಪಕ್ಕದ ಶಾಂಗ್ಲಾ ಜಿಲ್ಲೆ. ನೊಬೆಲ್ ಹಣದಲ್ಲಿ ಅಲ್ಲೊಂದು ಹೆಣ್ಣುಮಕ್ಕಳ ಶಾಲೆ ಕಟ್ಟಿಸಿದಳು, 2018ರಲ್ಲಿ ಅದು ಶುರುವಾಯಿತು. 18 ತುಂಬಿದ ಹುಟ್ಟುಹಬ್ಬದ ದಿನ ಲೆಬನಾನ್‌ನಲ್ಲಿ ಸಿರಿಯಾ ನಿರಾಶ್ರಿತ ಹುಡುಗಿಯರಿಗೆ ಶಾಲೆ ತೆರೆದಳು. 2013ರಲ್ಲಿ ಶುರುವಾದ ಮಲಾಲಾ ಫಂಡ್ ಪಾಕಿಸ್ತಾನ, ನೈಜೀರಿಯಾ, ಅಫ್ಘಾನಿಸ್ತಾನ, ಭಾರತದಂಥ ದೇಶಗಳಲ್ಲಿ ಆಯಾ ಊರಿನಲ್ಲೇ ಇದ್ದು ಕೆಲಸ ಮಾಡುವವರಿಗೆ ಹಣ ಕೊಡುತ್ತಾ ಬಂದಿದೆ. ನನಗೆ ಇದು ಹಿಡಿಸುತ್ತದೆ. ಯಾವ ಹಳ್ಳಿಯಲ್ಲಿ ಹುಡುಗಿ ಯಾಕೆ ಶಾಲೆ ಬಿಟ್ಟಳು ಎನ್ನುವುದು ಅಲ್ಲಿಯವರಿಗೇ ಗೊತ್ತಿರುತ್ತದೆ.

ಪಾಕಿಸ್ತಾನದ ಸಂವಿಧಾನಕ್ಕೆ 2010ರಲ್ಲೇ 25ಎ ವಿಧಿ ಸೇರಿತ್ತು, 5ರಿಂದ 16 ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣ. ನಮ್ಮ 21ಎ ವಿಧಿ ಹೇಳುವುದು 6ರಿಂದ 14. ಕಾಗದದ ಮೇಲೆ ಅವರದ್ದು ನಮಗಿಂತ ದೊಡ್ಡ ಮಾತು. ಆದರೂ ಅಲ್ಲಿ ಶಾಲೆಯ ಹೊರಗಿರುವ ಮಕ್ಕಳು ಸುಮಾರು 2.6 ಕೋಟಿ. 2024ರಲ್ಲಿ ಅಲ್ಲಿನ ಸರ್ಕಾರ ಶಿಕ್ಷಣ ತುರ್ತುಸ್ಥಿತಿ ಎಂದೇ ಘೋಷಿಸಿತು. ಹಳ್ಳಿಯಲ್ಲಿ ಹುಡುಗಿಯರಿಗೆ ಹತ್ತಿರದಲ್ಲಿ ಹೈಸ್ಕೂಲ್ ಇರುವುದಿಲ್ಲ, ಇದ್ದರೆ ಟೀಚರ್ ಇರುವುದಿಲ್ಲ, ಟೀಚರ್ ಇದ್ದರೆ ಶೌಚಾಲಯ, ಕಾಂಪೌಂಡ್ ಇರುವುದಿಲ್ಲ, ಎಲ್ಲಾ ಇದ್ದರೂ ಅಪ್ಪನ ಕೈಯಲ್ಲಿ ದುಡ್ಡು ಒಂದೇ ಮಗುವಿಗೆ ಸಾಲುವಷ್ಟಿದ್ದರೆ ಅದು ಮಗನಿಗೇ ಹೋಗುತ್ತದೆ. ಇದಕ್ಕೆ ಬಂದೂಕು ಬೇಕಾಗುವುದೇ ಇಲ್ಲ.

ಪಕ್ಕದ ಅಫ್ಘಾನಿಸ್ತಾನದ ಸ್ಥಿತಿ ನೆನೆದರೆ ಹೊಟ್ಟೆ ಉರಿಯುತ್ತದೆ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿದ ಮೇಲೆ ಹುಡುಗಿಯರಿಗೆ ಆರನೇ ತರಗತಿಯೇ ಕೊನೆ. 2022ರ ಮಾರ್ಚ್ 23ರಂದು ಹೈಸ್ಕೂಲ್‌ಗಳು ತೆರೆಯುತ್ತವೆ ಎಂದು ಹೇಳಿದ್ದರು. ಹುಡುಗಿಯರು ಬ್ಯಾಗ್ ಹಾಕಿಕೊಂಡು ಹೋದರು, ಕೆಲವರು ಬೆಂಚಿನ ಮೇಲೆ ಕೂತೂ ಆಗಿತ್ತು, ಅಷ್ಟರಲ್ಲಿ ಆದೇಶ ವಾಪಸ್, ಅಳುತ್ತಾ ಮನೆಗೆ ಬಂದರು. ಆ ಡಿಸೆಂಬರ್‌ಗೆ ವಿಶ್ವವಿದ್ಯಾಲಯವೂ ಬಂದ್. 2024ರ ಕೊನೆಗೆ ನರ್ಸ್, ಸೂಲಗಿತ್ತಿ ತರಬೇತಿಯೂ ಬಂದ್. ಗಂಡಸು ಡಾಕ್ಟರು ಹೆಂಗಸರನ್ನು ಮುಟ್ಟಬಾರದು ಅನ್ನುವ ಕಡೆ, ಹೆರಿಗೆ ಮಾಡಿಸುವ ಹೆಂಗಸರೂ ಇರಬಾರದು ಅಂದರೆ ಬಾಣಂತಿಯರ ಗತಿ ಏನು? ಕಡಿಮೆ ಅಂದರೂ 14 ಲಕ್ಷ ಹುಡುಗಿಯರ ಓದು ನಿಂತಿದೆ ಎಂದು ಯುನೆಸ್ಕೋ 2024ರಲ್ಲಿ ಹೇಳಿತ್ತು. ಹುಡುಗಿಯರು ಹೈಸ್ಕೂಲ್ ಓದಬಾರದು ಎಂದು ಸರ್ಕಾರವೇ ತಡೆದಿರುವ ದೇಶ ಜಗತ್ತಿನಲ್ಲಿ ಬೇರೊಂದಿಲ್ಲ.

ಮಲಾಲಾ ಈಗ ಮಾಡುತ್ತಿರುವ ಕೆಲಸದಲ್ಲಿ ದೊಡ್ಡ ಪಾಲು ಇದರ ಬಗ್ಗೆಯೇ. ಆಕೆ 2020ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಡಿಗ್ರಿ ಮುಗಿಸಿದಳು, 2021ರಲ್ಲಿ ಮದುವೆಯಾದಳು. 2025ರ ಜನವರಿಯಲ್ಲಿ ಇಸ್ಲಾಮಾಬಾದ್‌ನಲ್ಲಿ ಮುಸ್ಲಿಂ ದೇಶಗಳ ಹೆಣ್ಣುಮಕ್ಕಳ ಶಿಕ್ಷಣ ಸಮ್ಮೇಳನ ನಡೆದಾಗ ತಾಯ್ನಾಡಿಗೆ ಬಂದು, ತಾಲಿಬಾನ್ ಮಾಡುತ್ತಿರುವುದು ಲಿಂಗದ ಹೆಸರಿನ ವರ್ಣಭೇದ ನೀತಿ, ಇದರಲ್ಲಿ ಇಸ್ಲಾಮಿನದು ಏನೂ ಇಲ್ಲ, ನೀವು ಅವರಿಗೆ ಮಾನ್ಯತೆ ಕೊಡಬೇಡಿ ಎಂದು ಆ ದೇಶಗಳ ಮುಖಂಡರ ಎದುರೇ ಹೇಳಿದಳು. ತಾಲಿಬಾನಿಗಳಿಗೂ ಆಹ್ವಾನ ಹೋಗಿತ್ತು, ಯಾರೂ ಬರಲಿಲ್ಲ. ಅದೇ ಮಾರ್ಚ್‌ನಲ್ಲಿ, ಗುಂಡು ಬಿದ್ದ ಮೇಲೆ ಮೊದಲ ಸಲ, ಶಾಂಗ್ಲಾಗೆ ಹೋಗಿ ತಾನು ಕಟ್ಟಿಸಿದ ಶಾಲೆಯ ಹುಡುಗಿಯರ ಜೊತೆ ಕೂತು ಬಂದಳು.

ಪ್ರಶ್ನೆ: ಮೇಡಂ, ಮಲಾಲಾ ಥರ ಎಲ್ಲಾ ಹುಡುಗಿಯರಿಗೂ ಎದುರು ನಿಲ್ಲೋಕೆ ಆಗುತ್ತಾ? ನಮ್ಮ ಓಣಿಯ ಒಂದು ಹುಡುಗಿ ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸಾಗಿದ್ದಾಳೆ. ಪಿಯು ಕಾಲೇಜು ತಾಲ್ಲೂಕಿನಲ್ಲಿ, ದಿನಾ ಬಸ್ಸಿಗೆ ಕಳಿಸಲ್ಲ ಅಂತಾರೆ ಅಪ್ಪ. ಸೋದರಮಾವನ ಜೊತೆ ಮದುವೆ ಮಾತು ನಡೆದಿದೆ. ಹುಡುಗಿಗೆ ಇನ್ನೂ 16. ನಾನು ಪಕ್ಕದ ಮನೆಯವಳು, ಏನು ಮಾಡಲಿ? ಹೆಸರು ಹಾಕಬೇಡಿ. (ವಿಜಯಪುರ ಜಿಲ್ಲೆ)

ಉತ್ತರ: ಆಗಲ್ಲ ಅಕ್ಕಾ, ಆಗಬೇಕು ಅಂತ ಕೇಳುವುದೂ ಸರಿಯಲ್ಲ. ನೊಬೆಲ್ ಭಾಷಣದಲ್ಲಿ ಮಲಾಲಾ ತನ್ನ ಒಬ್ಬ ಗೆಳತಿಯ ವಿಷಯ ಹೇಳಿದ್ದಳು. ಅದೇ ವಯಸ್ಸು, ಧೈರ್ಯದ ಹುಡುಗಿ, ಡಾಕ್ಟರ್ ಆಗುವ ಆಸೆ. 12ಕ್ಕೆ ಮದುವೆ ಮಾಡಿದರು, 14ಕ್ಕೆ ಕೈಯಲ್ಲಿ ಮಗು. ಆ ಹುಡುಗಿಯಲ್ಲಿ ಏನೂ ಕೊರತೆ ಇರಲಿಲ್ಲ, ಅವಳ ಪರವಾಗಿ ನಿಲ್ಲುವವರು ಇರಲಿಲ್ಲ ಅಷ್ಟೇ. ನಿಮ್ಮ ಓಣಿಯ ಹುಡುಗಿಗೆ ನೀವಿದ್ದೀರಿ.

ಮೊದಲು ಕಾನೂನು. 16ಕ್ಕೆ ಶಿಕ್ಷಣ ಹಕ್ಕು ಕಾಯ್ದೆ ನೆರವಿಗೆ ಬರುವುದಿಲ್ಲ, ಅದು 14ಕ್ಕೆ ಮುಗಿಯುತ್ತದೆ. ಬಾಲ್ಯವಿವಾಹ ನಿಷೇಧ ಕಾಯ್ದೆ ಬರುತ್ತದೆ. 18 ತುಂಬದ ಹುಡುಗಿಯ ಮದುವೆ ಅಪರಾಧ. ಕರ್ನಾಟಕ 2016ರ ತಿದ್ದುಪಡಿಯಲ್ಲಿ ಇನ್ನೂ ಬಿಗಿ ಮಾಡಿದೆ, ಅಂಥ ಮದುವೆ ನಡೆದರೂ ಅದು ಮೊದಲಿನಿಂದಲೇ ಅಸಿಂಧು. ಮಾಡಿಸಿದವರು, ಮುಂದೆ ನಿಂತವರು ಎಲ್ಲರ ಮೇಲೂ ಕೇಸ್ ಆಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ನಿಮ್ಮ ಹೆಸರು ಹೊರಗೆ ಬರುವುದಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ಹೇಳಬಹುದು, ನಿಮ್ಮ ಅಂಗನವಾಡಿ ಕಾರ್ಯಕರ್ತೆಗೆ ಅವರ ಕಚೇರಿ ಗೊತ್ತಿರುತ್ತದೆ. ಮದುವೆ ದಿನ ಗೊತ್ತಾಗಿಬಿಟ್ಟಿದ್ದರೆ ಬೇರೆ ಏನೂ ನೋಡಬೇಡಿ, ಅವತ್ತೇ ಫೋನ್ ಮಾಡಿ.

ಇನ್ನೂ ಬರೀ ಮಾತುಕತೆಯ ಹಂತ ಎಂದರೆ ಆ ಅಪ್ಪನ ಜೊತೆ ಮಾತಾಡಿ ನೋಡಿ, ಒಬ್ಬರೇ ಹೋಗಬೇಡಿ, ಅವಳಿಗೆ ಪಾಠ ಮಾಡಿದ ಟೀಚರ್‌ನ ಕರೆದುಕೊಂಡು ಹೋಗಿ. ಆತನ ಭಯ ಬಸ್ಸಿನದೋ, ಖರ್ಚಿನದೋ, ಜನ ಏನಂತಾರೆ ಅನ್ನುವುದೋ, ಅದನ್ನು ಮೊದಲು ಕೇಳಿಸಿಕೊಳ್ಳಿ. ಖರ್ಚು ಎಂದರೆ, 2023ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಹುಡುಗಿಯರಿಗೆ ಟಿಕೆಟ್ ದುಡ್ಡು ಇಲ್ಲ, ಸರ್ಕಾರಿ ಪಿಯು ಕಾಲೇಜಿನ ಫೀಸೂ ದೊಡ್ಡದಲ್ಲ. ಬಸ್ಸಿನದೇ ಭಯ ಎಂದರೆ ತಾಲ್ಲೂಕಿನಲ್ಲಿ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್ ಇದೆಯಾ ವಿಚಾರಿಸಿ. ಹಿಂದುಳಿದ ವರ್ಗ, ಸಮಾಜ ಕಲ್ಯಾಣ, ಅಲ್ಪಸಂಖ್ಯಾತರ ಇಲಾಖೆಗಳು ಬೇರೆಬೇರೆಯಾಗಿ ನಡೆಸುತ್ತವೆ, ಊಟ ವಸತಿ ಉಚಿತ, ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಅದೇ ಓಣಿಯಿಂದ ಇನ್ನೊಬ್ಬಳು ಕಾಲೇಜಿಗೆ ಹೋಗುವವಳಿದ್ದರೆ ಇಬ್ಬರನ್ನೂ ಜೊತೆ ಮಾಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎಲ್ಲಕ್ಕಿಂತ ಮುಂಚೆ ಹುಡುಗಿಯನ್ನು ಒಂಟಿಯಾಗಿ ಸಿಕ್ಕಿ ಏನು ಆಸೆ ಎಂದು ಕೇಳಿ, 1098 ಅವಳಿಗೆ ಬಾಯಿಪಾಠ ಮಾಡಿಸಿ. ಟಿ.ಸಿ., ಮಾರ್ಕ್ಸ್ ಕಾರ್ಡ್ ಎಲ್ಲಿದೆ ನೋಡಿಕೊಳ್ಳಲು ಹೇಳಿ. ಪಿಯು ದಾಖಲಾತಿಗೆ ಕೊನೇ ದಿನಾಂಕ ಇರುತ್ತದೆ, ಅದು ಕಳೆದರೆ ಒಂದು ವರ್ಷ ಮನೆಯಲ್ಲಿ ಕೂರಬೇಕು, ಆ ಒಂದು ವರ್ಷದಲ್ಲೇ ಮದುವೆ ಆಗಿಹೋಗುತ್ತದೆ. ಹಾಗಾಗಿ ಈ ಪತ್ರಿಕೆ ಕೈಗೆ ಸಿಕ್ಕ ವಾರವೇ ಕಾಲೇಜಿಗೆ ಹೋಗಿ ಅರ್ಜಿ ತನ್ನಿ. ಏನಾಯಿತು ಅಂತ ನನಗೆ ಬರೆಯಿರಿ.